ಮನೆಯಲ್ಲೊಂದು ಗಣಕಯಂತ್ರ

ಗಣಕಯಂತ್ರದ ವಿಚಾರವಾಗಿ ಕನ್ನಡ ಪಂಡಿತನೊಬ್ಬನು ಮಾತನಾಡಲು ಹೊರಟರೆ ಕೇಳುವವರಿಗೆ ನಗೆ ಬರುವುದು ಸಹಜ. ಕಂದಪದ್ಯಕ್ಕೆ ಪ್ರಸ್ತಾರ ಹಾಕಿ ಗಣ ವಿಂಗಡಿಸುವವನಿಗೂ ಗಣಕಕ್ಕೂ ಏನು ನಂಟು ಎಂದು ನೀವು ಕೇಳಬಹುದು. ಹೆಸರಿನ ಮೊದಲೆರಡು ಅಕ್ಷರಗಳಷ್ಟೇ ನಂಟೆಂದು ನಾನೂ ಬಹುಕಾಲ ನಂಬಿದ್ದೆ. ನಾನು ಯಂತ್ರಶಾಸ್ತ್ರ ಓದಿದವನಲ್ಲ. ಯಾದಗಿರಿ ಜಿಲ್ಲೆಯ ಬಳಿಚಕ್ರದಲ್ಲಿ ಮನೆ ಮಾಡಿಕೊಂಡು, ಪ್ರೌಢಶಾಲೆಯ ಮಕ್ಕಳಿಗೆ ಸಂಧಿ ಸಮಾಸ ಹೇಳಿಕೊಡುತ್ತ ಐವತ್ತು ದಾಟಿದವನು. ಇಲ್ಲಿ ನಾನು ಹೇಳುವ ಸಂಗತಿಗಳಲ್ಲಿ ಬಹುಪಾಲನ್ನು ಕಳೆದುಕೊಂಡು ಕಲಿತಿದ್ದೇನೆ. ಆದಕಾರಣ ಬಲ್ಲವರಿಗೆ ಇದರಲ್ಲಿ ಹೊಸತೇನೂ ಕಾಣಲಾರದು. ಯಾರ ಮನೆಯಲ್ಲಿ ಈ ಯಂತ್ರವು ಹಿಂದಿನ ಕಾಲದ ರೇಡಿಯೋದಂತೆ ಕಸೂತಿಯ ಬಟ್ಟೆ ಹೊದ್ದು ಮೂಲೆಯಲ್ಲಿ ಕುಳಿತಿದೆಯೋ ಅಂಥವರಿಗೆ ಈ ಮಾತುಗಳು ಉಪಯೋಗಕ್ಕೆ ಬಂದಾವು.

ನಮ್ಮ ಮನೆಗೆ ಗಣಕ ಬಂದದ್ದು 2008ರಲ್ಲಿ. ಯಾರೋ ಬಳಸಿ ಬಿಟ್ಟ ಯಂತ್ರ. ಪ್ರಶ್ನೆಪತ್ರಿಕೆ ಸಿದ್ಧಪಡಿಸಲು ಪೇಟೆಗೆ ಓಡಾಡುವುದು ತಪ್ಪಲೆಂದು ಕೊಂಡೆ. ಆಯುಧಪೂಜೆಯ ದಿನ ನನ್ನ ಮನೆಯಾಕೆ ಅದಕ್ಕೂ ಕುಂಕುಮವಿಟ್ಟು ಹೂ ಮುಡಿಸಿದಳು. ಆ ಬಳಿಕ ಕೆಲವು ವರ್ಷಗಳಲ್ಲಿ ಅದು ಪ್ರಶ್ನೆಪತ್ರಿಕೆಯನ್ನು ಮೀರಿದ ಕೆಲಸಕ್ಕೆ ಒದಗಿತು. ನಮ್ಮ ಕಡೆ ರಾಶಿಯ ಕಾಲದಲ್ಲಿ ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸುತ್ತ ತಿರುಗಿಸಿ ಜೋಳದ ತೆನೆ ತುಳಿಸುವುದಕ್ಕೆ ಹಂತಿ ಎನ್ನುತ್ತಾರೆ. ರಾತ್ರಿಯೆಲ್ಲ ನಡೆಯುವ ಆ ಕೆಲಸದಲ್ಲಿ ನಿದ್ದೆ ಬಾರದಿರಲೆಂದು ಹಾಡುವ ಪದಗಳೇ ಹಂತಿ ಪದಗಳು. ರಾಶಿ ಮಾಡುವ ಯಂತ್ರ ಬಂದ ಮೇಲೆ ಹಂತಿ ನಿಂತಿತು. ಹಂತಿ ನಿಂತ ಮೇಲೆ ಪದ ಯಾರಿಗೆ ಬೇಕು? ನಮ್ಮ ಓಣಿಯ ಮುತ್ಯಾ ಒಬ್ಬರಿಗೆ ಅವು ಬಾಯಿಗೆ ಬರುತ್ತಿದ್ದವು. 2011ರಿಂದ ಬಿಡುವಿದ್ದಾಗಲೆಲ್ಲ ಅವರ ಬಳಿ ಕುಳಿತು ಬರೆದುಕೊಂಡೆ, ಮೊಬೈಲಿನಲ್ಲಿ ಧ್ವನಿಯನ್ನೂ ಹಿಡಿದೆ. ಜೊತೆಗೆ ಕೂರಿಗೆ, ಕುಂಟೆ, ಮಿಣಿ, ಹಗೇವು ಎಂಬಂಥ ಒಕ್ಕಲುತನದ ಮಾತುಗಳನ್ನು ಅರ್ಥಸಹಿತ ಕೂಡಿಸಿದೆ. ಎಲ್ಲ ಸೇರಿ ಸುಮಾರು 300 ಪುಟ.

2019ರ ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟು ಹೋಯಿತು, ಬಂದಿತು, ಮತ್ತೆ ಹೋಯಿತು. ಸಂಜೆ ಯಂತ್ರವನ್ನು ಚಾಲೂ ಮಾಡಿದರೆ ಒಳಗಿನಿಂದ ಟಕ್ ಟಕ್ ಎಂಬ ಸದ್ದು ಮಾತ್ರ ಬಂದಿತು. ಮೇಜಿನ ಗಣಕಗಳ ಹಾರ್ಡ್‌ಡಿಸ್ಕಿನಲ್ಲಿ ಕನ್ನಡಿಯಂಥ ಬಿಲ್ಲೆಗಳು ಸಾಮಾನ್ಯವಾಗಿ ಒಂದು ನಿಮಿಷಕ್ಕೆ 7200 ಸುತ್ತು ತಿರುಗುತ್ತಿರುತ್ತವೆ. ಅವುಗಳ ಮೇಲೆ ಕೂದಲೆಳೆಗಿಂತಲೂ ಕಡಮೆ ಅಂತರದಲ್ಲಿ ಓದುವ ತಲೆಯೊಂದು ತೇಲುತ್ತಿರುತ್ತದೆ. ಅದು ಕೆಟ್ಟರೆ ಈ ಸದ್ದು ಬರುತ್ತದೆಂದು ಆಮೇಲೆ ತಿಳಿಯಿತು. ದೊಡ್ಡ ಊರಿನ ದುರಸ್ತಿಯವರು ಒಳಗಿರುವುದನ್ನು ತೆಗೆದುಕೊಡಲು ಪ್ರಯತ್ನಿಸುತ್ತೇವೆಂದರು. ಖಾತರಿ ಕೊಡಲಿಲ್ಲ, ಕೇಳಿದ ಹಣ ನನ್ನ ಒಂದು ತಿಂಗಳ ಸಂಬಳದ ಹತ್ತಿರ ಹತ್ತಿರ ಇತ್ತು. ಕೊಟ್ಟೆ. ಬಂದದ್ದು ಹಳೆಯ ಪ್ರಶ್ನೆಪತ್ರಿಕೆಗಳು ಮಾತ್ರ. ಮುತ್ಯಾ ಅದಕ್ಕೆ ಆರು ತಿಂಗಳು ಮೊದಲೇ ತೀರಿಕೊಂಡಿದ್ದರು.

ಮೊಬೈಲಿನಲ್ಲಿದ್ದ ಧ್ವನಿ ಎಲ್ಲಿ ಹೋಯಿತೆಂದು ನೀವು ಕೇಳುವಿರಿ. ಮೊಬೈಲು ತುಂಬಿತೆಂದು ಅದನ್ನೆಲ್ಲ ಗಣಕಕ್ಕೆ ಹಾಕಿ, ಮೊಬೈಲಿನಲ್ಲಿದ್ದುದನ್ನು ಅಳಿಸಿದ್ದೆ. ಪ್ರತಿ ಮಾಡಿದೆನೆಂದು ನನ್ನ ಭಾವನೆ. ನಿಜವಾಗಿ ನಾನು ಮಾಡಿದ್ದು ಸ್ಥಳಾಂತರ. ಈ ಎರಡರ ವ್ಯತ್ಯಾಸವನ್ನು ಸರಿಯಾಗಿ ತಿಳಿದುಕೊಳ್ಳದವರು ನನ್ನಂತೆ ಇನ್ನೂ ಎಷ್ಟೋ ಮಂದಿ ಇದ್ದಾರೆ. ಮೊಮ್ಮಕ್ಕಳ ಚಿತ್ರಗಳನ್ನು ಪೆನ್‌ಡ್ರೈವಿಗೆ ಹಾಕಿ ಮೊಬೈಲನ್ನು ಖಾಲಿ ಮಾಡುವವರೆಲ್ಲರೂ ಈ ಗುಂಪಿನವರೇ.

ಕನ್ನಡ ಸಾಹಿತ್ಯ ಚರಿತ್ರೆಯನ್ನು ವರ್ಷವರ್ಷ ಪಾಠ ಮಾಡುವ ನನಗೆ ಈ ಬುದ್ಧಿ ಮೊದಲೇ ಇರಬೇಕಾಗಿತ್ತು. ಹತ್ತನೆಯ ಶತಮಾನದ ಪೊನ್ನನು ಶಾಂತಿಪುರಾಣವನ್ನೂ ಬರೆದನು, ಭುವನೈಕರಾಮಾಭ್ಯುದಯವನ್ನೂ ಬರೆದನು. ದಾನಚಿಂತಾಮಣಿ ಅತ್ತಿಮಬ್ಬೆಯು ಶಾಂತಿಪುರಾಣದ 1000 ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಆ ಕಾವ್ಯ ಇಂದು ನಮ್ಮ ಕೈಯಲ್ಲಿದೆ. ಭುವನೈಕರಾಮಾಭ್ಯುದಯ ಇಲ್ಲ. ಒಬ್ಬನೇ ಕವಿ, ಅದೇ ಭಾಷೆ, ಅದೇ ಕಾಲ. ರನ್ನನ ಪರಶುರಾಮಚರಿತವೂ ಚಕ್ರೇಶ್ವರಚರಿತವೂ ಸಿಗಲಿಲ್ಲ. ಒಂದನೆಯ ಗುಣವರ್ಮನ ಶೂದ್ರಕವೂ ಹರಿವಂಶವೂ ಇಡಿಯಾಗಿ ಉಳಿದಿಲ್ಲ. ಗೆದ್ದಲು, ಬೆಂಕಿ, ನೀರು, ಅಸಡ್ಡೆ ಇವು ಕಾವ್ಯದ ಗುಣ ನೋಡಿ ಬಿಡುವುದಿಲ್ಲ. ಪ್ರತಿಗಳು ಹಲವು ಕಡೆ ಇದ್ದರೆ ಒಂದಾದರೂ ಉಳಿದೀತೆಂಬುದೇ ಆಗಲೂ ಈಗಲೂ ಇರುವ ಲೆಕ್ಕ.

ನಮ್ಮ ಮನೆಗಳಲ್ಲಿ 1000 ಪ್ರತಿ ಬೇಡ. ಮೂರಿದ್ದರೆ ಸಾಕು: ಗಣಕದಲ್ಲಿ ಒಂದು, ಹೊರಗಿನಿಂದ ತಂತಿಯಲ್ಲಿ ಜೋಡಿಸುವ ಹಾರ್ಡ್‌ಡಿಸ್ಕಿನಲ್ಲಿ ಒಂದು, ಮನೆಯ ಆಚೆ ಇನ್ನೊಂದು. ಆಚೆ ಎಂದರೆ ಅಂತರಜಾಲದ ಕಣಜ. ಗೂಗಲಿನ ಖಾತೆಯೊಂದಕ್ಕೆ 15 ಗಿಗಾಬೈಟಿನಷ್ಟು ಜಾಗ ಬಿಟ್ಟಿಯಾಗಿ ದೊರೆಯುತ್ತದೆ. ಆದರೆ ನಿಮ್ಮ ಮಿಂಚಂಚೆಯೂ ಮೊಬೈಲಿನ ಚಿತ್ರಗಳೂ ಅದೇ ಜಾಗದಲ್ಲಿ ಪಾಲು ಕೇಳುತ್ತವೆ. ಅದು ಬೇಡವೆನ್ನುವವರು ಎರಡನೆಯ ಹಾರ್ಡ್‌ಡಿಸ್ಕನ್ನು ಬೇರೆ ಊರಿನ ಮಗಳ ಮನೆಯಲ್ಲಿ ಇಡಬಹುದು. ಒಕ್ಕಲಿಗರು ಬೀಜದ ಜೋಳವನ್ನು ಉಣ್ಣುವ ಜೋಳದ ಜೊತೆಗೆ ಇಡುವುದಿಲ್ಲವಷ್ಟೆ? ಹೊರಗಿನ ಡಿಸ್ಕನ್ನು ಸದಾ ಯಂತ್ರಕ್ಕೆ ಜೋಡಿಸಿಯೇ ಬಿಟ್ಟವರು ಬೀಜವನ್ನೂ ಉಣ್ಣುವ ಕಾಳನ್ನೂ ಒಂದೇ ಹಗೇವಿಗೆ ಸುರಿದಂತೆ. ಸಿಡಿಲು ಬಡಿದರೆ ಎರಡೂ ಹೋಗುತ್ತವೆ. ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳುವ ದುಷ್ಟ ತಂತ್ರಾಂಶ ಹೊಕ್ಕರೂ ಎರಡೂ ಹೋಗುತ್ತವೆ. ಪ್ರತಿ ತೆಗೆದ ಮೇಲೆ ಕಳಚಿ ಕಪಾಟಿನಲ್ಲಿಡಿ.

ಪೆನ್‌ಡ್ರೈವು ಸಾಗಿಸುವ ಜೋಳಿಗೆಯೇ ಹೊರತು ಕೂಡಿಡುವ ಕಣಜವಲ್ಲ. ಅದರೊಳಗೆ ಬರವಣಿಗೆ ನಿಲ್ಲುವುದು ಸೂಕ್ಷ್ಮವಾದ ವಿದ್ಯುತ್ತಿನ ಸಂಚಯವಾಗಿ. ವರ್ಷಗಟ್ಟಲೆ ಡ್ರಾಯರಿನಲ್ಲಿ ಬಿದ್ದಿದ್ದರೆ ಅದು ಸೋರಿಹೋಗುವ ಸಂಭವ ಉಂಟು. ಇನ್ನೊಂದು ಮಾತು: ತೆಗೆದಿಟ್ಟ ಪ್ರತಿಯನ್ನು ಆರು ತಿಂಗಳಿಗೊಮ್ಮೆ ತೆರೆದು ನೋಡಬೇಕು. ಓದಲು ಬಾರದ ಪ್ರತಿ ಇದ್ದೂ ಇಲ್ಲದ್ದೇ. ಬರವಣಿಗೆ ಎಷ್ಟು ಜಾಗ ನುಂಗೀತೋ ಎಂಬ ಅಂಜಿಕೆ ಬೇಡ. ಕನ್ನಡದ ಒಂದು ಚಿಹ್ನೆಗೆ 3 ಬೈಟು ಸಾಕು. ಪುಟಕ್ಕೆ 2000 ಚಿಹ್ನೆಯೆಂದರೂ 1000 ಪುಟದ ಗ್ರಂಥ 6 ಮೆಗಾಬೈಟಿನೊಳಗೆ ಮುಗಿಯುತ್ತದೆ. ಇಂದಿನ ಮೊಬೈಲು ತೆಗೆಯುವ ಒಂದೆರಡು ಚಿತ್ರಗಳೂ ಅಷ್ಟೇ ಜಾಗ ತಿನ್ನುತ್ತವೆ. ನನ್ನ ಎಂಟು ವರ್ಷದ ಬರೆಹ ಎರಡು ಚಿತ್ರಗಳಿಗಿಂತ ಹಗುರವಾಗಿತ್ತು!

ಕಡತಗಳಿಗೆ ಹೆಸರಿಡುವಾಗಲೂ ಸ್ವಲ್ಪ ಯೋಚಿಸಬೇಕು. "ಹೊಸದು", "ಕೊನೆಯದು", "ಕೊನೆಯದು ಎರಡು" ಎಂದು ಹೆಸರಿಟ್ಟರೆ ಮುಂದಿನ ಯುಗಾದಿಗೆ ಯಾವುದು ಕೊನೆಯದೆಂದು ಇಟ್ಟವರಿಗೇ ತಿಳಿಯದು. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ, ಕಡೆಗೆ ವಿಷಯ ಬರೆಯಿರಿ: 2025-06-14 ವಿದ್ಯುತ್ ಬಿಲ್ಲು ಎಂಬಂತೆ. ಹೀಗಿಟ್ಟರೆ ಯಂತ್ರವು ತಾನಾಗಿಯೇ ಕಾಲಾನುಕ್ರಮದಲ್ಲಿ ಸಾಲು ಹಚ್ಚಿ ತೋರಿಸುತ್ತದೆ.

ಎಲ್ಲವೂ ಹೋಯಿತೆಂದು ಕುಳಿತಿದ್ದಾಗ ಸುರಪುರದ ನನ್ನ ಸಹೋದ್ಯೋಗಿ ಮಿತ್ರರೊಬ್ಬರು ಒಂದು ವಿಷಯ ನೆನಪು ಮಾಡಿದರು. 2016ರಲ್ಲಿ ಶಾಲೆಯ ಸ್ಮರಣ ಸಂಚಿಕೆಗೆಂದು ನಾನು ಅವರಿಗೆ 40 ಪುಟಗಳನ್ನು ಮಿಂಚಂಚೆಯಲ್ಲಿ ಕಳಿಸಿದ್ದೆ. ಅದು ಅವರ ಅಂಚೆಪೆಟ್ಟಿಗೆಯಲ್ಲಿ ಹಾಗೆಯೇ ಇತ್ತು. ಸಂತೋಷದಿಂದ ಮೊಬೈಲಿನಲ್ಲಿ ತೆರೆದರು. ತೆರೆದ ಕೂಡಲೇ ಫೋನ್ ಮಾಡಿ, "ಮಾಸ್ತರ್ರೀ, ಇದೇನ್ರೀ ಇದು, ಹಂತಿ ಪದಾನೋ ಭೂತ ಬಿಡಿಸೋ ಮಂತ್ರಾನೋ?" ಎಂದರು. ಇಂಗ್ಲಿಷಿನ ಪಿ ಅಕ್ಷರ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡ್ ನಾಣ್ಯದ ಗುರುತು, ಹೀಗೆ ಪುಟಗಟ್ಟಲೆ.

ಇದರ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹಳೆಯ ಕನ್ನಡ ಕಡತಗಳನ್ನು ಇಟ್ಟುಕೊಂಡಿರುವ ಮನೆಗಳು, ಕಚೇರಿಗಳು, ಸಂಘಗಳು ನಾಡಿನಲ್ಲಿ ಬಹಳ ಇವೆ. ಮೊದಮೊದಲು ಗಣಕಕ್ಕೆ ರೋಮನ್ ಲಿಪಿಯ ಮನೆಗಳಷ್ಟೇ ಇದ್ದವು. ನಮ್ಮವರು ಜಾಣತನದಿಂದ ಆ ಮನೆಗಳಲ್ಲಿಯೇ ಕನ್ನಡದ ತಲೆಕಟ್ಟು, ಗುಡಿಸು, ಒತ್ತುಗಳ ಚಿತ್ರಗಳನ್ನು ಕೂರಿಸಿದರು. ಒಳಗೆ ಪಿ ಎಂಬ ಅಕ್ಷರ, ಹೊರಗೆ ಕಾಣುವುದು ಕಕಾರದ ಒಡಲು. ಆ ವೇಷ ತೊಡಿಸುವ ಅಕ್ಷರಶೈಲಿಯ ಕಡತ, ಎಂದರೆ ಫಾಂಟು, ಎದುರಿನವರ ಯಂತ್ರದಲ್ಲಿ ಇಲ್ಲದಿದ್ದರೆ ವೇಷ ಕಳಚಿ ಪಿ ಪಿಯಾಗಿಯೇ ನಿಲ್ಲುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿ ವಾಸು ಅವರು 1998ರಲ್ಲಿ ಹೊರತಂದ ಬರಹ, ಇವು ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಅವು ಇಲ್ಲದಿದ್ದರೆ ನನ್ನಂಥವರು ಒಂದಕ್ಷರವನ್ನೂ ಒತ್ತುತ್ತಿರಲಿಲ್ಲ. ಆದರೆ ಆ ಕಾಲದ ಕಡತಗಳೆಲ್ಲ ವೇಷಧಾರಿಗಳು.

ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಅದರದೇ ಮನೆಗಳಿವೆ. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಸೇರಿತ್ತು. ಕಕಾರ ಅಲ್ಲಿ ಕಕಾರವೇ. ಯಾವ ದೇಶದ ಯಾವ ಯಂತ್ರಕ್ಕೆ ಹೋದರೂ ಕಕಾರವೇ. ನನಗೆ ಅದರಲ್ಲಿ ಹಿಡಿಸಿದ್ದು ಅದರ ವ್ಯಾಕರಣ. ಧರ್ಮ ಎಂಬಲ್ಲಿ ನಾವು ಅರ್ಕಾವೊತ್ತನ್ನು ಮಕಾರದ ಮುಂದೆ ಬರೆಯುತ್ತೇವೆ, ಉಚ್ಚರಿಸುವಾಗ ರೇಫ ಮೊದಲು ಬರುತ್ತದೆ. ಯಂತ್ರವು ಒಳಗೆ ಇಟ್ಟುಕೊಳ್ಳುವುದು ಉಚ್ಚಾರಣೆಯ ಕ್ರಮವನ್ನೇ: ಧ, ರ, ವಿರಾಮ ಚಿಹ್ನೆ, ಮ. ವಿರಾಮ ಚಿಹ್ನೆಯು ರಕಾರದ ಅಕಾರವನ್ನು ಕಳೆಯುತ್ತದೆ, ಸಂಯುಕ್ತಾಕ್ಷರ ಹುಟ್ಟುತ್ತದೆ. ಕೇಶಿರಾಜನನ್ನು ಓದಿದವರಿಗೆ ಇದು ಹೊಸ ಪಾಠವೇನಲ್ಲ.

ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಬಿಟ್ಟಿಯಾಗಿ ಸಿಗುತ್ತವೆ. ನುಡಿಯ ಈಚಿನ ಆವೃತ್ತಿಗಳೊಂದಿಗೇ ಬರುತ್ತವೆ. ನಾನು ಆ 40 ಪುಟಗಳನ್ನು ಹಾಗೆಯೇ ಉಳಿಸಿಕೊಂಡೆ. ಪರಿವರ್ತಿಸಿದ ಮೇಲೆ ಕಣ್ಣಿಟ್ಟು ತಿದ್ದಬೇಕಾಗುತ್ತದೆ, ಅರ್ಕಾವೊತ್ತು ಇರುವೆಡೆ ಮುಖ್ಯವಾಗಿ. ಆದರೆ ತಿರುಗಿಸಿದ ಬಳಿಕ ದೊರೆತ ಲಾಭ ನೋಡಿ: ಕೂರಿಗೆ ಎಂದು ಒತ್ತಿ ಹುಡುಕಿದರೆ ಆ ಮಾತಿರುವ ಪುಟ ಕ್ಷಣದಲ್ಲಿ ಎದುರು ನಿಲ್ಲುತ್ತದೆ. ವೇಷಧಾರಿ ಕಡತದಲ್ಲಿ ಈ ಹುಡುಕಾಟ ನಡೆಯದು. ನಿಮ್ಮಲ್ಲಿ ಅಂಥ ಕಡತಗಳಿದ್ದರೆ, ಆ ಹಳೆಯ ಫಾಂಟು ಇರುವ ಯಂತ್ರ ಇನ್ನೂ ಜೀವದಿಂದಿರುವಾಗಲೇ ತಿರುಗಿಸಿಡಿ. ಮೂಲಕ್ಕೂ ಪರಿವರ್ತನೆಗೂ ತಾಳೆ ನೋಡಲು ಅನುಕೂಲ.

ಹೊಸದಾಗಿ ಕನ್ನಡ ಒತ್ತಲು ಕಲಿಯುವವರು ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನೇ ಕಲಿಯುವುದು ಮೇಲು. ಸರಕಾರ ಒಪ್ಪಿದ ವಿನ್ಯಾಸವೂ ಅದೇ. ಬಿ ಒತ್ತಿದರೆ ಬ, ದೊಡ್ಡ ಎಲ್ ಒತ್ತಿದರೆ ಳ, ಅದರ ಬೆನ್ನಿಗೇ ಐ ಒತ್ತಿದರೆ ಗುಡಿಸು. ಸಿ ಎಂದರೆ ಚ, ಕೆ ಎಂದರೆ ಕ, ಎಫ್ ಎಂದರೆ ವಿರಾಮ, ಆರ್ ಎಂದರೆ ರ. ಏಳು ಒತ್ತಿಗೆ ನಮ್ಮೂರು ಬಳಿಚಕ್ರ ಸಿದ್ಧ. ವಾರದೊಳಗೆ ಬೆರಳಿಗೆ ಹತ್ತುತ್ತದೆ. ವಿಂಡೋಸಿನ ಯಂತ್ರಗಳಲ್ಲಿ ಭಾಷೆಯ ಸಂಯೋಜನೆಗೆ ಹೋಗಿ ಕನ್ನಡವನ್ನು ಸೇರಿಸಿಕೊಂಡರೆ, ವಿಂಡೋಸ್ ಕೀಲಿಯ ಜೊತೆಗೆ ಸ್ಪೇಸ್ ಕೀಲಿಯನ್ನೊತ್ತಿ ಇಂಗ್ಲಿಷು ಕನ್ನಡಗಳ ನಡುವೆ ಓಡಾಡಬಹುದು. ಬಾಯಲ್ಲಿ ಹೇಳಿದ್ದನ್ನು ಮೊಬೈಲು ಬರೆದುಕೊಳ್ಳುವುದೂ ಉಂಟು. ಗ್ರಾಂಥಿಕ ಕನ್ನಡವನ್ನು ಅದು ಚೆನ್ನಾಗಿಯೇ ಹಿಡಿಯುತ್ತದೆ. ನಮ್ಮ ಕಡೆಯ ಮಾತು ಕೇಳಿದರೆ ಮಾತ್ರ ಹೊಸದಾಗಿ ವರ್ಗವಾಗಿ ಬಂದ ಸಾಹೇಬರಂತೆ ತಬ್ಬಿಬ್ಬಾಗುತ್ತದೆ.

ಇನ್ನು ಯಂತ್ರದ ದೇಹಪಾಲನೆಯ ಮಾತು. ಬೇಸಗೆಯಲ್ಲಿ ನಮ್ಮ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುವುದು ವಿಶೇಷವಲ್ಲ. ಗಣಕದೊಳಗೆ ಬಿಸಿಯನ್ನು ಹೊರದೂಡುವ ಸಣ್ಣ ಫ್ಯಾನು ಇರುತ್ತದೆ. ಹತ್ತಿಯ ಎಳೆ, ತೊಗರಿಯ ಹೊಟ್ಟಿನ ಧೂಳು ಅದರ ಕಿಂಡಿಯಲ್ಲಿ ಕುಳಿತರೆ ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕೆಟ್ಟಿತೆಂದು ನಾವು ತಿಳಿಯುತ್ತೇವೆ. ಮೂರು ನಾಲ್ಕು ತಿಂಗಳಿಗೊಮ್ಮೆ, ಪ್ಲಗ್ಗು ಕಿತ್ತು, ಮೆತ್ತನೆಯ ಕುಂಚದಿಂದ ಕಿಂಡಿಗಳನ್ನು ಗುಡಿಸಬೇಕು. ಮಡಿಲ ಗಣಕವನ್ನು ಹಾಸಿಗೆಯ ಮೇಲೂ ದಿಂಬಿನ ಮೇಲೂ ಇಟ್ಟು ನಡೆಸಬಾರದು, ಅದರ ಉಸಿರಿನ ಕಿಂಡಿ ಬಹುಮಟ್ಟಿಗೆ ಅಡಿಯಲ್ಲಿಯೇ ಇರುತ್ತದೆ. ನಡೆಯುತ್ತಿರುವ ಯಂತ್ರಕ್ಕೆ ಕಸೂತಿ ಬಟ್ಟೆ ಹೊದಿಸುವುದು ಮರ್ಯಾದೆಯಲ್ಲ, ಶಿಕ್ಷೆ.

ಮೇಜಿನ ಗಣಕಕ್ಕೆ ಯುಪಿಎಸ್ ಎಂಬ ಬ್ಯಾಟರಿ ಪೆಟ್ಟಿಗೆ ಇರಲೇಬೇಕು. ಅದು ಕೊಡುವ ಹತ್ತು ಹದಿನೈದು ನಿಮಿಷ ಕೆಲಸ ಮುಂದುವರಿಸಲು ಅಲ್ಲ; ಬರೆದುದನ್ನು ಉಳಿಸಿ ಯಂತ್ರವನ್ನು ಸರಿಯಾಗಿ ಮಲಗಿಸಲು. ಮನೆಯ ಅರ್ಥಿಂಗ್ ಸರಿಯಾಗಿದೆಯೇ ಎಂದು ವಿದ್ಯುತ್ ಕೆಲಸದವರಿಂದ ನೋಡಿಸಿ. ಗುಡುಗು ಕೇಳಿದರೆ ಪ್ಲಗ್ಗನ್ನೂ ಅಂತರಜಾಲದ ತಂತಿಯನ್ನೂ ಕಿತ್ತಿಡಿ. ಬರೆಯುವಾಗ ಪ್ಯಾರಾ ಮುಗಿದಾಗಲೆಲ್ಲ ಕಂಟ್ರೋಲ್ ಒತ್ತಿ ಎಸ್ ಒತ್ತುವ ರೂಢಿಯಿರಲಿ. ತಪ್ಪಿ ಏನಾದರೂ ಅಳಿಸಿಹೋದರೆ ಗಾಬರಿಯಾಗದೆ ಕಂಟ್ರೋಲ್ ಜೊತೆ ಜ಼ಡ್ ಒತ್ತಿರಿ, ಹೋದದ್ದು ಮರಳುತ್ತದೆ. ಅಕ್ಷರ ಸಣ್ಣದಾಗಿ ಕಂಡರೆ ಕಂಟ್ರೋಲ್ ಜೊತೆಗೆ ಅಧಿಕ ಚಿಹ್ನೆ. ನನ್ನ ವಯಸ್ಸಿನವರಿಗೆ ಈ ಕಡೆಯದೊಂದೇ ಕನ್ನಡಕದ ಅರ್ಧ ಖರ್ಚು ಉಳಿಸೀತು.

ಯಂತ್ರ ನಿಧಾನವಾಯಿತೆಂದು ದುರಸ್ತಿಗೆ ಹೊರುವ ಮುನ್ನ ಒಮ್ಮೆ ರೀಸ್ಟಾರ್ಟ್ ಮಾಡಿರಿ. ಈಚಿನ ವಿಂಡೋಸಿನಲ್ಲಿ ಶಟ್‌ಡೌನ್ ಎಂದು ಒತ್ತಿದರೆ, ಬೇಗ ಏಳುವ ಸಲುವಾಗಿ, ಅದು ಪೂರ್ತಿ ನಿದ್ರೆಗೆ ಹೋಗದೆ ಒಳಗಿನ ಕೆಲವು ಸಂಗತಿಗಳನ್ನು ನೆನಪಿಟ್ಟುಕೊಂಡೇ ಮಲಗುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಹೊಸದಾಗಿ ಏಳುತ್ತದೆ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಕೂಡಿ ಒತ್ತಿದರೆ ಯಾವ ಯಾವ ತಂತ್ರಾಂಶ ಎಷ್ಟೆಷ್ಟು ಉಣ್ಣುತ್ತಿದೆಯೆಂಬ ಪಟ್ಟಿ ತೆರೆಯುತ್ತದೆ. ಬೆಳಿಗ್ಗೆ ಯಂತ್ರದೊಂದಿಗೇ ಎದ್ದು ಪಂಕ್ತಿಗೆ ಕೂರುವ, ಕರೆಯದೆ ಬಂದ ಅತಿಥಿಗಳನ್ನು ಅಲ್ಲಿಯೇ ತಡೆಯಬಹುದು. ಯಂತ್ರ ಹಳೆಯದಾಗಿ, ತಿರುಗುವ ಹಾರ್ಡ್‌ಡಿಸ್ಕು ಇದ್ದರೆ, ಅದರ ಜಾಗದಲ್ಲಿ ತಿರುಗದ ಎಸ್ಎಸ್‌ಡಿ ಹಾಕಿಸುವುದು ಹೊಸ ಗಣಕ ಕೊಳ್ಳುವುದಕ್ಕಿಂತ ಬಹಳ ಅಗ್ಗ. ನನ್ನ ಯಂತ್ರ ಆ ಬಳಿಕ ಎಳೆಗರುವಿನಂತೆ ಓಡುತ್ತಿದೆ.

ತಂತ್ರಾಂಶದ ಪರಿಷ್ಕರಣೆಗಳನ್ನು ಆಮೇಲೆ, ಆಮೇಲೆ ಎಂದು ಮುಂದೂಡುವ ಚಾಳಿ ಒಳ್ಳೆಯದಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಒತ್ತೆಹಣದ ತಂತ್ರಾಂಶ 150 ದೇಶಗಳಲ್ಲಿ 2 ಲಕ್ಷಕ್ಕೂ ಮೀರಿದ ಗಣಕಗಳನ್ನು ಹಿಡಿಯಿತು. ಅದು ನುಸುಳುವ ಕಿಂಡಿಯನ್ನು ಮುಚ್ಚುವ ಪರಿಷ್ಕರಣೆಯನ್ನು ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚಿಯಲ್ಲಿಯೇ ಕೊಟ್ಟಿತ್ತು. ಹಾಕಿಕೊಳ್ಳದವರೇ ಬಹಳಮಟ್ಟಿಗೆ ಸಿಕ್ಕಿಬಿದ್ದರು. ವಿಂಡೋಸ್ 10ಕ್ಕೆ ಸಾಮಾನ್ಯ ಪರಿಷ್ಕರಣೆ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನಿಮ್ಮ ಮನೆಯ ಯಂತ್ರದಲ್ಲಿ ಇನ್ನೂ ಅದೇ ಇದ್ದರೆ ವಿಂಡೋಸ್ 11ಕ್ಕೆ ಏರುವ ಶಕ್ತಿ ಅದಕ್ಕುಂಟೇ ಎಂದು ವಿಚಾರಿಸಿ. ಶಕ್ತಿ ಇಲ್ಲದ ಯಂತ್ರಕ್ಕೆ ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯನ್ನು ಹಾಕಿಸಬಹುದು. ಅದಕ್ಕೆ ಹಣವಿಲ್ಲ, ಕನ್ನಡವೂ ಅದರಲ್ಲಿ ಸೊಗಸಾಗಿ ಬರುತ್ತದೆ. ಎರಡೂ ಆಗದಿದ್ದರೆ ಆ ಯಂತ್ರದಲ್ಲಿ ಬರೆಯಿರಿ, ಓದಿರಿ. ಬ್ಯಾಂಕಿನ ವ್ಯವಹಾರ ಮಾತ್ರ ಮಾಡಬೇಡಿ.

ಗುಪ್ತಪದದ ವಿಚಾರವಾಗಿ ನನ್ನ ಅಭಿಪ್ರಾಯ ಹಲವರಿಗೆ ವಿಚಿತ್ರವೆನಿಸೀತು. ಮನೆಯಲ್ಲಿ ಒಂದು ಪುಸ್ತಕದಲ್ಲಿ ಬರೆದು, ಚಿನ್ನ ಇಡುವ ಕಡೆ ಇಟ್ಟರೆ ತಪ್ಪಿಲ್ಲ. ದೂರದೇಶದ ಕಳ್ಳ ನಿಮ್ಮ ಟ್ರಂಕು ತೆರೆಯಲಾರ. ಎಲ್ಲ ಖಾತೆಗಳಿಗೂ ಒಂದೇ ಗುಪ್ತಪದ ಇಡುವುದೇ ದೊಡ್ಡ ತಪ್ಪು. ಒಂದು ಕಡೆ ಸೋರಿದರೆ ಎಲ್ಲ ಬಾಗಿಲೂ ತೆರೆಯುತ್ತವೆ. ಮಗನ ಹೆಸರು, ಹುಟ್ಟಿದ ವರ್ಷ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೂಡಿಸಿದರೆ ನಿಮಗೆ ನೆನಪಿರುತ್ತದೆ, ಊಹಿಸುವವನಿಗೆ ದುಸ್ತರ. ಪ್ರಸಿದ್ಧ ವಚನದ ಸಾಲು ಬೇಡ; ಅದು ನಿಮಗೆ ಬರುವಂತೆ ಅವನಿಗೂ ಬರುತ್ತದೆ. ಮಿಂಚಂಚೆಗೆ ಮಾತ್ರ ಎರಡು ಹಂತದ ಪರಿಶೀಲನೆಯನ್ನು ತಪ್ಪದೆ ಇಡಿ, ಏಕೆಂದರೆ ಉಳಿದ ಎಲ್ಲ ಖಾತೆಗಳ ಮರೆತ ಬೀಗದಕೈ ಬಂದು ಬೀಳುವುದು ಅಲ್ಲಿಯೇ.

ಇಂದಿನ ಮೊಬೈಲೂ ಒಂದು ಗಣಕವೇ ಆದ್ದರಿಂದ ನಮ್ಮ ನೆರೆಯ ರೈತರೊಬ್ಬರ ಕಥೆಯನ್ನೂ ಹೇಳಬೇಕು. ಹತ್ತಿ ಮಾರಿದ ಹಣ ಖಾತೆಯಲ್ಲಿತ್ತು. ವಾಟ್ಸಾಪಿನಲ್ಲಿ ಲಗ್ನಪತ್ರಿಕೆಯೊಂದು ಬಂದಿತು. ಲಗ್ನಪತ್ರಿಕೆ ಚಿತ್ರವಾಗಿರಬೇಕು, ಇದರ ಹೆಸರಿನ ಕೊನೆಯಲ್ಲಿ ಚುಕ್ಕೆ ಇಟ್ಟು ಎಪಿಕೆ ಎಂದಿತ್ತು. ಎಪಿಕೆ ಎಂದರೆ ಮೊಬೈಲಿನೊಳಗೆ ನೆಲೆಯೂರುವ ತಂತ್ರಾಂಶ. ಯಾರ ಮದುವೆಯೋ ಎಂದು ಒತ್ತಿದರು, ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರು. ಅದು ಅವರ ಸಂದೇಶಗಳನ್ನು ಓದತೊಡಗಿತು, ಬ್ಯಾಂಕಿನ ಓಟಿಪಿಗಳು ಕಳ್ಳನ ಕೈಸೇರಿದವು. ಪುಣ್ಯಕ್ಕೆ ಅವರ ಮಗಳು ನಮ್ಮ ಶಾಲೆಯ ಹತ್ತನೆಯ ತರಗತಿಯವಳು. ಅಪ್ಪ ಹಣೆಗೆ ಕೈಹಚ್ಚಿ ಕುಳಿತಿದ್ದಾಗ ಆಕೆ 1930ಕ್ಕೆ ಫೋನ್ ಮಾಡಿದಳು. ಹೋದ ಹಣದಲ್ಲಿ ಒಂದು ಪಾಲು ಬೇರೆ ಖಾತೆಗೆ ಜಾರುವ ಮೊದಲೇ ತಡೆಯಲ್ಪಟ್ಟಿತು. ಈ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಹಣ ಹೋದ ಗಂಟೆಯೊಳಗೆ ಫೋನ್ ಮಾಡಿದರೆ ಸಿಗುವ ಆಸೆ ಹೆಚ್ಚು. ನಾಳೆ ನೋಡೋಣವೆಂದರೆ ಹಣ ಹತ್ತು ಖಾತೆಗಳನ್ನು ದಾಟಿರುತ್ತದೆ.

ಪೊಲೀಸರ ವೇಷದಲ್ಲಿ ವೀಡಿಯೋ ಕರೆ ಮಾಡಿ "ಡಿಜಿಟಲ್ ಅರೆಸ್ಟ್" ಎನ್ನುವ ಹಗಲುದರೋಡೆ ಇನ್ನೊಂದು. 2024ರ ಅಕ್ಟೋಬರ್ 27ರಂದು ಆಕಾಶವಾಣಿಯಲ್ಲಿ ಬಂದ ಪ್ರಧಾನಮಂತ್ರಿಗಳ ಮನ್ ಕೀ ಬಾತ್ ಕಾರ್ಯಕ್ರಮದಲ್ಲಿ ಇಂಥ ಕರೆಯೊಂದರ ಧ್ವನಿಯನ್ನೇ ಕೇಳಿಸಿದ್ದರು. ನಮ್ಮ ಪಕ್ಕದ ವಿಜಯಪುರದವರೊಬ್ಬರು ಧೈರ್ಯದಿಂದ ಹಿಡಿದಿಟ್ಟ ಕರೆ ಅದು. ಫೋನಿನಲ್ಲಿ ಬಂಧಿಸುವ ಕಾನೂನು ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ. ಕರೆಯನ್ನು ಕತ್ತರಿಸಿ ಮನೆಯವರನ್ನು ಕೂಗಿರಿ. ಒಂಟಿಯಾಗಿ ಕೋಣೆಯಲ್ಲಿ ಕೂರಿಸುವುದೇ ಅವರ ಮುಖ್ಯ ಉಪಾಯ. ಹಾಗೆಯೇ ಹಣ ಪಡೆಯಲು ಗುಪ್ತಸಂಖ್ಯೆ ಒತ್ತಬೇಕಾಗಿಲ್ಲ, ಕೊಡಲು ಮಾತ್ರ ಒತ್ತಬೇಕು. ದುರಸ್ತಿ ಮಾಡುತ್ತೇವೆಂದು ದೂರದಿಂದ ನಿಮ್ಮ ಪರದೆ ನೋಡುವ ತಂತ್ರಾಂಶ ಹಾಕಿಸುವ ಅಪರಿಚಿತರಿಗೆ ಬಾಗಿಲು ತೆರೆಯಬೇಡಿ.

ಆನ್‌ಲೈನ್ ಅರ್ಜಿ ಹಾಕಿಸುವ ಅಂಗಡಿಗಳಿಗೆ ನಾವೆಲ್ಲ ಹೋಗುತ್ತೇವೆ. ಮುದ್ರಣಕ್ಕೆಂದು ಕಳಿಸಿದ ಆಧಾರ್, ಪಾಸ್‌ಬುಕ್ಕು ಅವರ ಯಂತ್ರದ ಡೌನ್‌ಲೋಡ್ ಮಡಿಕೆಯಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತವೆ. ಎದುರಿಗೇ ಅಳಿಸಿರೆಂದು ವಿನಯದಿಂದ ಕೇಳಿ. ಕಸದ ಬುಟ್ಟಿಯಿಂದಲೂ ಅಳಿಸಲಿ. ಕೊನೆಯ ನಾಲ್ಕು ಅಂಕೆಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಸಾಲುವ ಕಡೆ ಅದನ್ನೇ ಕೊಡಿ. ಅಲ್ಲಿ ವಾಟ್ಸಾಪನ್ನು ಜೋಡಿಸಿದ್ದರೆ ನಿಮ್ಮ ಮೊಬೈಲಿನ ಲಿಂಕ್ಡ್ ಡಿವೈಸಸ್ ಎಂಬಲ್ಲಿಗೆ ಹೋಗಿ ಕಳಚಿ. ಅಂಕಪಟ್ಟಿಯೇ ಮೊದಲಾದ ದಾಖಲೆಗಳಿಗೆ 2015ರಿಂದ ಸರಕಾರದ ಡಿಜಿಲಾಕರ್ ಇದೆ. ಮೂಲ ಕಾಗದ ಹೊತ್ತು ತಿರುಗುವ ಪ್ರಮೇಯ ಬಹುಕಡೆ ತಪ್ಪಿದೆ.

ಮುತ್ಯಾನ ಹೆಂಡತಿ ಆಯಿ ಇನ್ನೂ ಗಟ್ಟಿಯಾಗಿದ್ದಾರೆ. ಹೋದ ಪದಗಳನ್ನು ಕೇಳಲು ಅವರಲ್ಲಿಗೆ ಹೋದಾಗ ಮೊದಲು ಒಪ್ಪಲಿಲ್ಲ. "ಕಣದಾಗಿನ ಪದ ಗಂಡಸರವು ಮಾಸ್ತರ, ನಾ ರೊಟ್ಟಿ ಬುತ್ತಿ ಒಯ್ದಾಗ ಕಿವಿಗಿ ಬಿದ್ದಷ್ಟ ಗೊತ್ತು" ಎಂದರು. ಆ ಬಿದ್ದಷ್ಟರಲ್ಲಿ 11 ಪದಗಳು ಇಡಿಯಾಗಿ ಇದ್ದವು. ಮಿಂಚಂಚೆಯಲ್ಲಿ ಉಳಿದ 40 ಪುಟಗಳಲ್ಲಿ 9 ಪದಗಳು. ಎರಡರಲ್ಲಿಯೂ ಇದ್ದವು 3. ಹದಿನೆಂಟನೆಯದೊಂದರ ಮೊದಲ ನುಡಿ ಮಾತ್ರ ಆಯಿಗೆ ನೆನಪಿದೆ. ಮುಂದಿನದು ಬಂದಾಗ ಹೇಳಿಕಳಿಸುತ್ತೇನೆಂದಿದ್ದಾರೆ. ಇವೆಲ್ಲ ಈಗ ಮೂರು ಕಡೆ ಇವೆ, ನಾಲ್ಕನೆಯ ಪ್ರತಿಯನ್ನು ಕಾಗದದ ಮೇಲೆ ಮುದ್ರಿಸಿ ಆಯಿಯ ಮನೆಯ ಗೂಟಕ್ಕೆ ಚೀಲದಲ್ಲಿ ತೂಗುಹಾಕಿ ಬಂದಿದ್ದೇನೆ.